ಕ್ಯಾನೆ ಗೆದ್ದ ಮೇಲೆ ಹ್ಯಾನಿಬಲ್ ನೇರವಾಗಿ ರೋಮ್‌ಗೆ ನುಗ್ಗದೇ ಇದ್ದದ್ದೇ ಅವನ ದೊಡ್ಡ ತಪ್ಪಾ?

ಉತ್ತರ ಆಫ್ರಿಕಾದ ಕಾರ್ತೇಜ್ ರೋಮ್‌ನ ಎದುರಾಳಿ, ಹ್ಯಾನಿಬಲ್ ಅದರ ಸೇನಾಪತಿ. ದಕ್ಷಿಣ ಇಟಲಿಯ ಕ್ಯಾನೆಯಲ್ಲಿ ಅವನು ರೋಮನ್ ಸೈನ್ಯವನ್ನು ನುಚ್ಚುನೂರು ಮಾಡಿದ, ಆದರೆ ರೋಮ್‌ಗೆ ಹೋಗಲಿಲ್ಲ. ರೋಮನ್ ಇತಿಹಾಸಕ್ಕೆ ಕೈ ಹಾಕಿದವರೆಲ್ಲ ಮೊದಲು ಬಂದು ನಿಲ್ಲುವುದು ಇಲ್ಲೇ, ನಾನೂ ನಿಂತಿದ್ದೆ. "ನಿನಗೆ ಗೆಲ್ಲೋಕೆ ಗೊತ್ತು, ಗೆಲುವನ್ನು ಬಳಸೋಕೆ ಗೊತ್ತಿಲ್ಲ" ಎಂದು ಅವನ ಕುದುರೆಪಡೆಯ ನಾಯಕ ಮಹರ್ಬಲ್ ಅಂದನಂತೆ. ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹ್ಯಾನಿಬಲ್ ಎಡವಿದ್ದು ಬೇರೆ ಕಡೆ.

ಮುತ್ತಿಗೆಯ ಲೆಕ್ಕ ಮೊದಲು ಮುಗಿಸೋಣ. ಕ್ರಿ.ಪೂ. 216ರ ಆಗಸ್ಟ್ 2ರ ಸಂಜೆ, ಕ್ಯಾನೆಯ ಯುದ್ಧ ಮುಗಿದಾಗ, ಅವನ ಬಳಿ ಉಳಿದದ್ದು ಸುಮಾರು 45,000 ಜನ. ರೋಮ್ ಅಲ್ಲಿಂದ 400 ಕಿ.ಮೀ. ದಿನಕ್ಕೆ 20 ಕಿ.ಮೀ. ನಡೆದರೂ ಮೂರು ವಾರ ಬೇಕು. ನಗರದ ಗೋಡೆಯ ಸುತ್ತಳತೆಯೇ 11 ಕಿ.ಮೀ. ಆಳಿಗೆ ಮುಕ್ಕಾಲು ಕೆ.ಜಿ. ಧಾನ್ಯ ಎಂದರೂ ದಿನಕ್ಕೆ 30 ಟನ್ ದಾಟುತ್ತದೆ, ಕುದುರೆಗಳ ಮೇವು ಬೇರೆ. ಹಡಗಿನಲ್ಲಿ ತರಿಸೋಣ ಎಂದರೆ ಕೈಯಲ್ಲಿ ಒಂದು ಬಂದರು ಕೂಡ ಇಲ್ಲ. ಸ್ಪೇನ್‌ನ ಸಗುಂಟಮ್ ಅವನ ಸ್ವಂತ ನೆಲೆಗೆ ಹತ್ತಿರವಿದ್ದ ಊರು, ಅದಕ್ಕೇ 8 ತಿಂಗಳು ಹಿಡಿದಿತ್ತು.

ಇನ್ನೂ ಅನುಮಾನವಿದ್ದರೆ ಅದೇ ಚಳಿಗಾಲದ ಕಸಿಲಿನಂ ನೋಡಿ. ವೊಲ್ಟುರ್ನಸ್ ನದಿ ದಡದ ಪುಟ್ಟ ಊರು, ಕಾವಲಿಗೆ ಸಾವಿರ ಜನರ ಆಸುಪಾಸು. ಗೋಡೆಯ ಮೇಲೆ ದಾಳಿ ಮಾಡಿದ, ಸುರಂಗ ತೋಡಿಸಿದ, ಆಗಲಿಲ್ಲ. ಕೊನೆಗೆ ಹಸಿವಿನಿಂದ ಮಣಿಸಲು ಕೂತ. ಒಳಗಿನವರು ಗುರಾಣಿಯ ತೊಗಲು ಕಿತ್ತು ಬಿಸಿನೀರಲ್ಲಿ ಮೆತ್ತಗೆ ಮಾಡಿ ತಿಂದರು. ರೋಮನ್ನರು ರಾತ್ರಿ ಹೊತ್ತು ನದಿಯಲ್ಲಿ ಧಾನ್ಯದ ಪೀಪಾಯಿ ತೇಲಿಬಿಟ್ಟರು. ಅದು ಸಿಕ್ಕಿಬಿದ್ದ ಮೇಲೆ ಬೀಜಕಾಯಿಗಳನ್ನು ನೀರಿಗೆ ಸುರಿದರು, ಊರಿನವರು ತಟ್ಟಿ ಒಡ್ಡಿ ಹಿಡಿದುಕೊಂಡರು. ಕಡೆಗೂ ಶರಣಾದದ್ದು ಪ್ರಾಣ ಉಳಿಸುವ ಒಪ್ಪಂದ ಆದ ಮೇಲೆಯೇ. ಇಂಥ ಊರಿಗೇ ಇಷ್ಟು ಕಷ್ಟಪಟ್ಟ ಸೈನ್ಯ ರೋಮ್‌ನ ಗೋಡೆ ಹತ್ತುತ್ತಿತ್ತೇ?

ಅವನಿಗೆ ಮುಳುವಾದದ್ದು ಮಿತ್ರರ ಲೆಕ್ಕ. ಎರಡು ಮೂರು ಸಲ ಬಲವಾಗಿ ಹೊಡೆದರೆ ಇಟಲಿಯ ಊರುಗಳು ರೋಮ್‌ನ ಕೈಬಿಟ್ಟು ತನ್ನ ಕಡೆ ಬರುತ್ತವೆ, ಅಲ್ಲಿಗೆ ರೋಮ್‌ಗೆ ಸೈನಿಕರು ಸಿಗುವುದು ನಿಲ್ಲುತ್ತದೆ ಎಂಬುದು ಅವನ ಯೋಜನೆ. ಅರ್ಧ ಸರಿ. ದೊಡ್ಡ ನಗರ ಕಾಪುವಾ ಬಂತು, ದಕ್ಷಿಣದ ಎಷ್ಟೋ ಊರುಗಳು ಬಂದವು. ಆದರೆ ಯಾವ ಷರತ್ತಿನ ಮೇಲೆ? ಕಾಪುವಾದವರ ಮೇಲೆ ಕಾರ್ತೇಜ್‌ನ ಯಾವ ಅಧಿಕಾರಿಗೂ ಹಕ್ಕಿಲ್ಲ, ಇಷ್ಟವಿಲ್ಲದೆ ಅವರು ಯಾರೂ ಸೈನ್ಯಕ್ಕೆ ಬರಬೇಕಿಲ್ಲ. ಬಿಡುಗಡೆ ಮಾಡಲು ಬಂದಿದ್ದೇನೆ ಎಂದು ಸಾರಿದವನು ಬೇರೆ ಷರತ್ತು ಹಾಕುವಂತೆಯೂ ಇರಲಿಲ್ಲ. ಪರಿಣಾಮ ಏನಾಯಿತು ನೋಡಿ: ಸೇರಿದ ಒಂದೊಂದು ಊರನ್ನೂ ಅವನೇ ಕಾಯಬೇಕು, ಆದರೆ ಅಲ್ಲಿಂದ ಬೇಕಾದಷ್ಟು ಆಳು ಸಿಗುವುದಿಲ್ಲ. ನಂಬಿಕಸ್ಥ ಸೈನ್ಯ ಇರುವುದು ಒಂದೇ. ಅದು ನೋಲಾ ಎಂಬ ಊರಿನ ಹತ್ತಿರ ಇದ್ದರೆ ರೋಮನ್ನರು ಮತ್ತೊಂದು ಕಡೆ ಕೈ ಹಾಕುತ್ತಿದ್ದರು. ಕ್ಯಾನೆಯಲ್ಲಿ ಪಡೆದ ಮೇಲುಗೈ ಹೀಗೆ ಕಾವಲು ಕೆಲಸದಲ್ಲೇ ಸವೆದುಹೋಯಿತು.

ರೋಮ್ ಮಾತ್ರ ಸೈನ್ಯ ಕಟ್ಟುತ್ತಲೇ ಇತ್ತು. ಸರ್ಕಾರದ ಹಣದಲ್ಲಿ 8,000 ಗುಲಾಮರನ್ನು ಕೊಂಡು ಆಯುಧ ಕೊಟ್ಟರು. ಹಿಂದಿನ ಯುದ್ಧಗಳಲ್ಲಿ ಗೆದ್ದುತಂದ ಆಯುಧಗಳನ್ನೂ ಹೊರತೆಗೆದು ಹಂಚಿದರು.

ಕ್ರಿ.ಪೂ. 211ರಲ್ಲಿ ಅವನು ನಿಜವಾಗಿ ರೋಮ್‌ನ ಬಾಗಿಲಿಗೆ ಹೋದ, ರೋಮನ್ನರು ಕಾಪುವಾಕ್ಕೆ ಹಾಕಿದ್ದ ಮುತ್ತಿಗೆ ಬಿಡಿಸಲೆಂದು. ಮುತ್ತಿಗೆ ಸಡಿಲಾಗಲಿಲ್ಲ. ಅವನು ಹಿಂದಿರುಗಿದ, ಕಾಪುವಾ ಬಿತ್ತು.

ನನ್ನ ಸಲಹೆ: ಕ್ಯಾನೆಯ ರಣರಂಗದ ನಕ್ಷೆ ಬದಿಗಿಟ್ಟು ಇಡೀ ಇಟಲಿಯ ನಕ್ಷೆ ಹರಡಿಕೊಳ್ಳಿ. 30 ಲ್ಯಾಟಿನ್ ವಸಾಹತುಗಳನ್ನು, ಅಂದರೆ ರೋಮ್ ತಾನೇ ನೆಲೆಗೊಳಿಸಿದ, ಅದಕ್ಕೆ ಆಳು ಹಣ ಕೊಡಬೇಕಿದ್ದ ಊರುಗಳನ್ನು, ಗುರುತು ಮಾಡಿ. ವೆನೂಸಿಯಾದಿಂದ ಶುರುಮಾಡಿ, ಕ್ಯಾನೆಯಲ್ಲಿ ಸೋತ ರೋಮ್‌ನ ಕಾನ್ಸಲ್ (ಸೈನ್ಯವನ್ನೂ ನಡೆಸುವ ಉನ್ನತ ಅಧಿಕಾರಿ) ವಾರೋ ಓಡಿಹೋಗಿ ಸೇರಿದ್ದು ಅಲ್ಲಿಗೇ. ಕ್ರಿ.ಪೂ. 209ರಲ್ಲಿ ಇವುಗಳಲ್ಲಿ 12 ಊರುಗಳು ಇನ್ನು ಆಳು, ಹಣ ಕೊಡಲಾಗದು ಎಂದು ರೋಮ್‌ಗೆ ಮುಖಕ್ಕೆ ಹೇಳಿದವು. ಆದರೂ ಹ್ಯಾನಿಬಲ್‌ಗೆ ಬಾಗಿಲು ತೆರೆಯಲಿಲ್ಲ.