ಒಂದೇ ಸದ್ದಿನ ವಾಕ್ಯಗಳು

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಪದವಿ ವಿದ್ಯಾರ್ಥಿನಿ. ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ನಮ್ಮ ಕಾಫಿ ತೋಟದ ಬಗ್ಗೆ ಪ್ರಬಂಧವೊಂದನ್ನು ಬರೆದಿದ್ದೇನೆ. ಅದನ್ನು ಓದಿದ ಸೋದರತ್ತೆಯವರು, “ವಿಷಯ ಚೆನ್ನಾಗಿದೆ, ಆದರೆ ಮಜ್ಜಿಗೆ ಕಡೆಯುವಾಗಿನ ಹಾಗೆ ಒಂದೇ ಸದ್ದು” ಎಂದರು. ಅದರ ಒಂದು ಭಾಗ ಹೀಗಿದೆ: “ಹೋದ ವಾರ ಹೂಮಳೆ ಬಿತ್ತು. ನಾವು ಬೆಳಿಗ್ಗೆ ಬೇಗ ಎದ್ದೆವು. ನಾವು ತೋಟಕ್ಕೆ ಹೋದೆವು. ನಾವು ಹೂ ನೋಡಿದೆವು. ಅಜ್ಜ ಒಂದು ಗಿಡದ ಬುಡ ಕೆದಕಿ ನೋಡಿದರು. ಅಜ್ಜ ಮಾತಾಡಲಿಲ್ಲ.” ಇದನ್ನು ಹೇಗೆ ತಿದ್ದಲಿ?

ಉತ್ತರ: ನಿಮ್ಮ ಸೋದರತ್ತೆಯವರ ಕಿವಿ ಸೂಕ್ಷ್ಮವಾಗಿದೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಆ ಕೆಲಸ ಮಾಡಿದವರು ಯಾರೆಂದು ಹೇಳುವ ಪ್ರತ್ಯಯವೂ ಅದರ ತುದಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಒಬ್ಬರೇ ಮಾಡಿದ ಕೆಲಸಗಳನ್ನು ಬಿಡಿಬಿಡಿಯಾಗಿ ಹೇಳುತ್ತ ಹೋದರೆ ಎದ್ದೆವು, ಹೋದೆವು, ನೋಡಿದೆವು ಎಂದು ಬೇಡದ ಪ್ರಾಸವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ‘ಎದ್ದೆವು’ ಎಂಬುದರೊಳಗೇ ‘ನಾವು’ ಇರುವುದರಿಂದ ಆ ಪದವನ್ನು ಮೂರು ಸಲ ಬರೆಯಬೇಕಾಗಿಯೂ ಇರಲಿಲ್ಲ.

ಈ ಮೂರರಲ್ಲಿ ಮುಖ್ಯವಾದ ಕೆಲಸ ಯಾವುದು? ನೋಡಿದ್ದು. ಉಳಿದ ಎರಡು ಅಲ್ಲಿಗೆ ತಲುಪಿಸುವ ದಾರಿ ಮಾತ್ರ. “ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಹೋಗಿ ಹೂ ನೋಡಿದೆವು” ಎಂದಾಗ ಆ ತೂಕ ಸರಿಯಾದ ಕಡೆ ಬೀಳುತ್ತದೆ. ಆದರೆ ಹೋಗಿ, ನೋಡಿ, ಬಂದು, ಕುಳಿತು ಎಂದು ಪುಟದುದ್ದ ಪೋಣಿಸಿದರೆ ಅದೂ ಇನ್ನೊಂದು ಬಗೆಯ ಏಕತಾನವೇ ಆಗುತ್ತದೆ. ಅಲ್ಲದೆ, ಇಂಥ ಜೋಡಣೆಗೆ ಸಾಮಾನ್ಯವಾಗಿ ಎಲ್ಲ ಕೆಲಸಗಳ ಕರ್ತೃವೂ ಒಬ್ಬರೇ ಆಗಿರಬೇಕು. “ನಾವು ತೋಟಕ್ಕೆ ಹೋಗಿ ಅಜ್ಜ ಬುಡ ಕೆದಕಿದರು” ಎಂಬ ವಾಕ್ಯ ಕಿವಿಗೇ ತಪ್ಪೆಂದು ತಿಳಿಯುತ್ತದೆ. ಕರ್ತೃ ಬೇರೆಯಾದಾಗ ‘ಹೋದಾಗ’, ‘ಹೋಗುತ್ತಿದ್ದಂತೆ’, ‘ಹೋಗಲು’ ಎಂಬಂಥ ರೂಪಗಳು ಬೇಕು. ಇದು ಬಹಳ ಹಳೆಯ ಕೌಶಲ. ನಿಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನದಲ್ಲಿ ‘ಕಕುಸ್ಥಭಟ್ಟೋರನಾಳೆ’ ಎಂಬ ಮಾತಿದೆ. ಎಂದರೆ, ಕಕುಸ್ಥಭಟ್ಟೋರನು ಆಳುತ್ತಿರಲು. ಆಳುವವನು ಒಬ್ಬ, ಮುಂದಿನ ಕೆಲಸ ಇತರರದು. ಎರಡನ್ನೂ ಆ ಒಂದು ‘ಎ’ಕಾರ ಹಿಡಿದು ನಿಲ್ಲಿಸಿದೆ. ಅದನ್ನು ಓದಿದಾಗಲೆಲ್ಲ ನನಗೆ ನಮ್ಮ ಭಾಷೆಯ ಮೇಲೆ ಪ್ರೀತಿ ಉಕ್ಕುತ್ತದೆ.

ಇನ್ನೊಂದು ದಾರಿ, ಕ್ರಿಯಾಪದವನ್ನು ಕೊನೆಯ ಸ್ಥಾನದಿಂದ ಕದಲಿಸುವುದು. “ಹೋದ ವಾರ ಹೂಮಳೆ ಬಿತ್ತು” ಎಂಬುದು ಸುದ್ದಿ. “ಹೂಮಳೆ ಬಿದ್ದದ್ದು ಹೋದ ವಾರ” ಎಂದರೆ ದಿನದ ಲೆಕ್ಕಕ್ಕೆ ಒತ್ತು ಬೀಳುತ್ತದೆ. ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುವುದನ್ನು ಬಲ್ಲ ನಿಮ್ಮ ಕಡೆಯವರಿಗೆ ಆ ಲೆಕ್ಕವೇ ಕುತೂಹಲದ ವಿಷಯವಲ್ಲವೇ? ಕ್ರಿಯಾಪದವೇ ಇಲ್ಲದ ವಾಕ್ಯವೂ ಕನ್ನಡಕ್ಕೆ ಸಹಜ: “ತೋಟದ ತುಂಬ ಮಲ್ಲಿಗೆಯಂಥ ಪರಿಮಳ.” ನಿಮ್ಮ ಬರಹದಲ್ಲಿ ಹೂವಿದೆ, ಪರಿಮಳವಿಲ್ಲ, ಅದಕ್ಕೊಂದು ವಾಕ್ಯ ಕೊಡಿ.

ನಾನಾದರೆ ಹೀಗೆ ಬರೆಯುತ್ತಿದ್ದೆ: “ಹೂಮಳೆ ಬಿದ್ದದ್ದು ಹೋದ ವಾರ. ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಹೋದಾಗ ರೆಂಬೆ ರೆಂಬೆಗೂ ಬಿಳಿ ಹೂ, ತೋಟದ ತುಂಬ ಮಲ್ಲಿಗೆಯಂಥ ಪರಿಮಳ. ನಾವೆಲ್ಲ ಹೂ ನೋಡುತ್ತ ನಿಂತಿರಲು ಅಜ್ಜ ಒಂದು ಗಿಡದ ಬುಡ ಕೆದಕಿ ನೋಡಿದರು. ಮಾತಾಡಲಿಲ್ಲ.”

ಕೊನೆಯ ವಾಕ್ಯದಲ್ಲಿ ‘ಅಜ್ಜ’ ಎಂಬುದನ್ನಷ್ಟೇ ತೆಗೆದಿದ್ದೇನೆ. ಅದನ್ನು ಹಿಂದಿನದಕ್ಕೆ ಜೋಡಿಸಲು ಮನಸ್ಸಾಗಲಿಲ್ಲ. ಮಳೆ ಸಾಕಷ್ಟು ಇಳಿದಿಲ್ಲವೆಂಬ ಅವರ ಆತಂಕ ಅಲ್ಲಿರಬಹುದೆಂದು ನನಗೆ ತೋರಿತು. ಹಾಗಿದ್ದರೆ ಆ ವಾಕ್ಯ ಅಷ್ಟೇ ಗಿಡ್ಡವಾಗಿ, ಒಂಟಿಯಾಗಿ ಇರಲಿ.