ಮಾಸಿನ ಪೊರೆ ಕೊಡಬಹುದೇ? ಕೋಶಗಳೇಕೆ ರೂಪ ಬದಲಿಸುತ್ತವೆ?

ಪ್ರಶ್ನೆ: ನನಗೆ ಸಿಸೇರಿಯನ್ ಹೆರಿಗೆಗೆ ದಿನ ಗೊತ್ತಾಗಿದೆ. ಮಾಸನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ಅದರಿಂದ ಆಮ್ನಿಯಾಟಿಕ್ ಎಪಿಥೀಲಿಯಲ್ ಕೋಶ ತೆಗೆಯುತ್ತಾರಂತೆ. ಮಗುವಿಗೆ ತೊಂದರೆ ಆಗದೇ? ಅವು ನನ್ನ ಕೋಶಗಳೇ?

ಉತ್ತರ: ತೊಂದರೆ ಇಲ್ಲಮ್ಮ. ಮಗು ಹೊರಬಂದು, ಹೊಕ್ಕುಳಬಳ್ಳಿ ಕತ್ತರಿಸಿ, ಮಾಸನ್ನು ತೆಗೆದ ಮೇಲಷ್ಟೇ ನಮ್ಮ ಕೆಲಸ ಶುರುವಾಗುವುದು. ಮಗು ಮಲಗಿದ್ದ ನೀರಿನ ಚೀಲದ ಒಳಪೊರೆಯೇ ಆಮ್ನಿಯಾನ್. ಅದರ ಒಳಮೈಯನ್ನು ಹೊದ್ದಿರುವ ಕೋಶಗಳೇ ಆಮ್ನಿಯಾಟಿಕ್ ಎಪಿಥೀಲಿಯಲ್ ಕೋಶಗಳು. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ.

ಅವು ಯಾರ ಕೋಶಗಳು ಎಂದು ಕೇಳಿದಿರಲ್ಲ, ಅದು ತುಂಬ ಮುಖ್ಯವಾದ ಪ್ರಶ್ನೆ. ಅವು ನಿಮ್ಮವಲ್ಲ, ಮಗುವಿನವು. ಗರ್ಭ ಕಟ್ಟಿ ಸುಮಾರು 8 ದಿನವಾದಾಗ, ಮುಂದೆ ಮಗುವಿನ ದೇಹವಾಗಲಿರುವ ಎಪಿಬ್ಲಾಸ್ಟ್ ಪದರದಿಂದಲೇ ಇವು ಬೇರ್ಪಡುತ್ತವೆ. ಹುಟ್ಟಿದ್ದು ಗಂಡುಮಗುವಾದರೆ ಈ ಕೋಶಗಳಲ್ಲಿ ವೈ ಕ್ರೋಮೋಸೋಮ್ ಇರುತ್ತದೆ. ಅಂದಮೇಲೆ ನೀವು ಸಹಿ ಹಾಕುವುದು ಮಗುವಿನ ವಂಶವಾಹಿ ಮಾಹಿತಿಯ ಪರವಾಗಿಯೂ ಹೌದು. ಹೆಸರು ತೆಗೆದುಹಾಕುತ್ತಾರೆಯೇ, ವಂಶವಾಹಿ ಪರೀಕ್ಷೆ ಮಾಡುತ್ತಾರೆಯೇ, ಕೋಶಗಳನ್ನು ಬೇರೆಯವರಿಗೆ ಕೊಡುತ್ತಾರೆಯೇ, ಯಾವಾಗಿನವರೆಗೆ ಒಪ್ಪಿಗೆ ಹಿಂಪಡೆಯಬಹುದು: ಇಷ್ಟನ್ನೂ ಸಹಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೆ ನಿಮ್ಮ ರಕ್ತವನ್ನೂ ಕೇಳಬಹುದು. ಬೇಡ ಅನ್ನಿಸಿದರೆ ಬೇಡ ಎನ್ನಿ. ಅದರಿಂದ ನಿಮ್ಮ ಆರೈಕೆಯಲ್ಲಿ ಏನೂ ಕಡಿಮೆಯಾಗಕೂಡದು.

ಪ್ರಶ್ನೆ: ಪ್ರಯೋಗಾಲಯದಲ್ಲಿ ಇದೇ ಕೋಶಗಳನ್ನು ಬೆಳೆಸುತ್ತಿರುವ ವಿದ್ಯಾರ್ಥಿ ನಾನು. ಮೂರನೇ ಪ್ಯಾಸೇಜ್ (ಬೆಳೆದ ಕೋಶಗಳನ್ನು ಹೊಸ ತಟ್ಟೆಗೆ ಹಾಕುವ ಸುತ್ತು) ಹೊತ್ತಿಗೆ ಕೋಶಗಳು ಉದ್ದುದ್ದವಾಗುತ್ತಿವೆ. ಬೇರೆ ಕೋಶ ಸೇರಿಕೊಂಡಿದೆಯೇ? ಇವು ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಲ್ಲವೇ, ಎಷ್ಟು ಬೇಕಾದರೂ ಬೆಳೆಯಬೇಕಲ್ಲ?

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ, ಎಡವಟ್ಟಾಗುವುದೇ ಅಲ್ಲಿ. 2005ರಲ್ಲಿ ಪಿಟ್ಸ್‌ಬರ್ಗ್‌ನ ತಂಡವೊಂದು ಈ ಕೋಶಗಳಲ್ಲಿ ಆಕ್ಟ್-4, ನ್ಯಾನಾಗ್ ಮುಂತಾದ ಕಾಂಡಕೋಶದ ಗುರುತುಗಳನ್ನು ತೋರಿಸಿತು, ನಿಜ. ಆದರೆ ಕೋಶ ಮತ್ತೆ ಮತ್ತೆ ವಿಭಜನೆಯಾಗಲು ನೆರವಾಗುವ ಟೆಲೊಮರೇಸ್ ಕಿಣ್ವ ಇವುಗಳಲ್ಲಿ ಕೆಲಸ ಮಾಡುವುದಿಲ್ಲ. ಕೆಲವೇ ಪ್ಯಾಸೇಜ್‌ಗಳಲ್ಲಿ ಬೆಳವಣಿಗೆ ನಿಂತುಬಿಡುತ್ತದೆ. ಇಲಿಗೆ ಚುಚ್ಚಿದರೆ ಇವು ಟೆರಟೋಮಾ (ಹಲವು ಬಗೆಯ ಅಂಗಾಂಶ ಬೆರೆತ) ಗಡ್ಡೆ ಕಟ್ಟುವುದಿಲ್ಲ. ಚಿಕಿತ್ಸೆಯ ಸಂಶೋಧಕರಿಗೆ ಇವು ಇಷ್ಟವಾಗಲು ಅದೂ ಒಂದು ಕಾರಣ.

ಇನ್ನು ಆಕಾರದ ವಿಷಯ. ಮೊದಲ ತಟ್ಟೆಯ ಚಿತ್ರಗಳನ್ನು ತೆಗೆದು ನೋಡಿ. ಕೋಶಗಳು ಕಲ್ಲು ಹಾಸಿದ ನೆಲದಂತೆ ಒಂದಕ್ಕೊಂದು ಒತ್ತಿಕೊಂಡಿರಬೇಕು. ಆಗಲೇ ಸಂದಿಯಲ್ಲಿ ಕದಿರಿನಾಕಾರದ ಕೋಶಗಳು ಕಂಡರೆ ಅವು ಪೊರೆಯ ಕೆಳಪದರದ ಮೆಸೆಂಕೈಮಲ್ (ಆಧಾರ ಅಂಗಾಂಶದ) ಕೋಶಗಳಿರಬೇಕು. ಕೋಶಗಳನ್ನು ಬಿಡಿಸುವ ಕಿಣ್ವವಾದ ಟ್ರಿಪ್ಸಿನ್‌ನಲ್ಲಿ ಪೊರೆಯನ್ನು ಹೆಚ್ಚು ಹೊತ್ತು ಬಿಟ್ಟರೆ, ಹೊರಪೊರೆಯಾದ ಕೋರಿಯಾನ್ ಪೂರ್ತಿ ಬಿಡಿಸದಿದ್ದರೆ ಹೀಗಾಗುತ್ತದೆ. ಆಮ್ನಿಯಾನನ್ನು ಕೈಯಿಂದಲೇ ನಿಧಾನಕ್ಕೆ ಸುಲಿಯಿರಿ. ರಕ್ತದ ಕಲೆ ಹೋಗಿ ಪೊರೆ ತಿಳಿಯಾಗುವ ತನಕ ತೊಳೆಯಿರಿ. ಟ್ರಿಪ್ಸಿನ್‌ನ ಮೊದಲ ಹತ್ತು ನಿಮಿಷದ ದ್ರವವನ್ನು ಚೆಲ್ಲಿಬಿಡಿ, ಅದರಲ್ಲಿ ಬರುವುದು ಹೆಚ್ಚಾಗಿ ರಕ್ತಕಣ ಮತ್ತು ಕಸ. ಮುಂದಿನ ಸುತ್ತುಗಳಲ್ಲಿ ಬರುವ ಕೋಶಗಳನ್ನೇ ಇಟ್ಟುಕೊಳ್ಳಿ.

ಮೊದಲ ತಟ್ಟೆ ಶುದ್ಧವಾಗಿದ್ದು, ಆಮೇಲೆ ಎಲ್ಲ ಕೋಶಗಳೂ ಒಟ್ಟಿಗೆ ಉದ್ದವಾಗಿದ್ದರೆ ಅದು ಬೆರಕೆಯಲ್ಲ, ಎಪಿಥೀಲಿಯಲ್ ಗುಣವನ್ನೇ ಬಿಟ್ಟು ಮೆಸೆಂಕೈಮಲ್ ಆಗುವ ಬದಲಾವಣೆ. ಕೋಶಗಳೇ ಸ್ರವಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಇದಕ್ಕೆ ದಾರಿ ಮಾಡುತ್ತದೆ. ಎಪಿಥೀಲಿಯಲ್ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್‌ಹೆರಿನ್ ಪ್ರೋಟೀನ್ ಕುಸಿದಿದೆಯೇ ನೋಡಿದರೆ ಖಾತ್ರಿಯಾಗುತ್ತದೆ. ಕೋಶ ಬೆಳೆಸುವ ಪೋಷಕ ದ್ರವದಲ್ಲಿ (ಮಾಧ್ಯಮ) ಬೆಳವಣಿಗೆ ಪ್ರಚೋದಿಸುವ ಇಜಿಎಫ್ ಪ್ರೋಟೀನ್ ಇದೆಯೇ ಪರೀಕ್ಷಿಸಿ. ಮಿಲಿಲೀಟರಿಗೆ 10 ನ್ಯಾನೊಗ್ರಾಂ ವಾಡಿಕೆಯ ಪ್ರಮಾಣ. ತಟ್ಟೆಯಲ್ಲಿ ವಿರಳವಾಗಿ ಹಾಕಬೇಡಿ, ಒತ್ತಾಗಿ ಹಾಕಿದರೇ ಇವು ಚೆನ್ನಾಗಿ ಬೆಳೆಯುವುದು.

ಆದರೂ ನನ್ನ ಬಲವಾದ ಸಲಹೆ ಬೇರೆ: ಪ್ಯಾಸೇಜ್ ಹೆಚ್ಚಿಸುವ ಹಟ ಬಿಡಿ. ಒಂದೇ ಮಾಸಿನಿಂದ 10 ಕೋಟಿಗೂ ಹೆಚ್ಚು ಕೋಶ ಸಿಗಬಲ್ಲವು. ಬೇರ್ಪಡಿಸಿದ ದಿನವೇ ಎಣಿಸಿ, ಬದುಕಿರುವ ಪ್ರಮಾಣ ಬರೆದಿಟ್ಟು, ಸಣ್ಣ ಸಣ್ಣ ವಯಲ್‌ಗಳಲ್ಲಿ (ಸೀಸೆಗಳಲ್ಲಿ) ಘನೀಕರಿಸಿ. ಪ್ರತಿ ಪ್ರಯೋಗಕ್ಕೂ ಹೊಸ ವಯಲ್ ತೆಗೆಯಿರಿ. ಬೇರೆ ಬೇರೆ ತಾಯಂದಿರು ಕೊಟ್ಟ ಮಾಸುಗಳ ಕೋಶಗಳನ್ನು ಬೆರೆಸದೆ, ಪ್ರತಿಯೊಂದರ ಫಲಿತಾಂಶವನ್ನೂ ಬೇರೆಯಾಗಿಯೇ ಬರೆದಿಡಿ.