ಸೈನ್ಯದ ನಾಲ್ಕು ವರ್ಷ ಪಿಂಚಣಿಗೆ ಸೇರುತ್ತಾ?

ಟೆಕ್ಸಾಸ್‌ನಲ್ಲಿ ಮಗನ ಮನೆಯಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಮಗ ಅಮೆರಿಕದ ಸೈನ್ಯದಲ್ಲಿ ನಾಲ್ಕು ವರ್ಷ ಇದ್ದ. ಈಗ ಫೆಡರಲ್ ಸರ್ಕಾರದ ನೌಕರ, ಸೇರಿ ಎರಡು ವರ್ಷ ದಾಟಿತು. ಸೈನ್ಯದ ವರ್ಷಗಳು ಪಿಂಚಣಿಗೆ ತಾನಾಗೇ ಸೇರುತ್ತವೆ ಅಂತಾನೆ. ಮಡಿಕೇರಿಯ ನಮ್ಮಣ್ಣ ಸೈನ್ಯದಿಂದ ಬಂದು ಬ್ಯಾಂಕ್ ಸೇರಿದ, ಈಗ ಎರಡು ಪಿಂಚಣಿ ಬರುತ್ತೆ. ಇವನಿಗೂ ಹಾಗೇನಾ?"

ಅಮ್ಮಾ, ತಾನಾಗೇ ಸೇರುವುದಿಲ್ಲ. ಮಗ ಹಾಗಂದುಕೊಂಡಿದ್ದಕ್ಕೆ ಕಾರಣ ಇದೆ. ರಜೆಯ ಲೆಕ್ಕಕ್ಕೆ ಸೈನ್ಯದ ಸೇವೆ ದುಡ್ಡು ಕಟ್ಟದೆಯೇ ಸೇರುತ್ತದೆ. ಹೊಸಬರಿಗೆ ಎರಡು ವಾರಕ್ಕೆ 4 ಗಂಟೆ ರಜೆಯಾದರೆ ಇವನಿಗೆ ಮೊದಲ ದಿನದಿಂದಲೇ 6 ಗಂಟೆ. ಸಂಬಳದ ಚೀಟಿಯಲ್ಲಿ ಸೇವೆ ಶುರುವಾದ ತಾರೀಕನ್ನೂ ನಾಲ್ಕು ವರ್ಷ ಹಿಂದಕ್ಕೆ ಹಾಕಿರುತ್ತಾರೆ. ಅದು ರಜೆಯ ತಾರೀಕು, ಪಿಂಚಣಿಯದ್ದಲ್ಲ. ಬಹಳ ಜನ ಎಡವುವುದು ಇಲ್ಲೇ.

ಈಗಿನ ನೌಕರರಿಗಿರುವ ಪಿಂಚಣಿ ಯೋಜನೆ ಫರ್ಸ್. ಅದರಲ್ಲಿ ಸೈನ್ಯದ ವರ್ಷಗಳನ್ನು ಸೇರಿಸಬೇಕಾದರೆ ಆಗ ಪಡೆದ ಮೂಲ ವೇತನದ 3% ಕಟ್ಟಬೇಕು. ಮನೆ ಬಾಡಿಗೆ ಭತ್ಯೆ ಲೆಕ್ಕಕ್ಕಿಲ್ಲ. ದೇಶಕ್ಕೆ ದುಡಿದವನ ಹತ್ತಿರ ಮತ್ತೆ ದುಡ್ಡು ಕೇಳುವುದು ನನಗೂ ಸರಿ ಕಾಣಲ್ಲ. ಆದರೂ ಕಟ್ಟಿದರೆ ಲಾಭವೇ, ನೋಡಿ. ನಾಲ್ಕು ವರ್ಷದ ಮೂಲ ವೇತನ ಒಟ್ಟು 1,00,000 ಡಾಲರ್ ಅಂತಿಟ್ಟುಕೊಳ್ಳಿ. ಕಟ್ಟಬೇಕಾದ್ದು 3,000. ಮುಂದೆ ಅವನ ಅತಿ ಹೆಚ್ಚು ಸಂಬಳದ ಮೂರು ವರ್ಷಗಳ ಸರಾಸರಿ 90,000 ಆದರೆ, ವರ್ಷಕ್ಕೆ 1% ಲೆಕ್ಕದಲ್ಲಿ ಆ ನಾಲ್ಕು ವರ್ಷದಿಂದ ಪ್ರತಿ ವರ್ಷ 3,600 ಡಾಲರ್ ಜಾಸ್ತಿ ಪಿಂಚಣಿ. ಒಂದೇ ವರ್ಷದಲ್ಲಿ ಅಸಲು ವಾಪಸ್! 62 ದಾಟಿ, 20 ವರ್ಷ ಸೇವೆ ತುಂಬಿದ್ದರೆ 1.1% ಸಿಗುತ್ತದೆ. ಆ 20 ತುಂಬಿಸಲೂ ಈ ನಾಲ್ಕು ನೆರವಾಗುತ್ತವೆ.

ಆತುರಪಡಬೇಕಾದ ವಿಷಯ ಬಡ್ಡಿಯದ್ದು. ಕೆಲಸಕ್ಕೆ ಸೇರಿ ಮೂರು ವರ್ಷ ತುಂಬುವ ಮೊದಲೇ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಆಮೇಲೆ ವರ್ಷವರ್ಷಕ್ಕೆ ಚಕ್ರಬಡ್ಡಿ. ನಿಮ್ಮ ಮಗನಿಗೆ ಉಳಿದಿರುವುದು ತಿಂಗಳುಗಳು ಮಾತ್ರ, ಅಲ್ವಾ? ಡಿಡಿ 214 ಬಿಡುಗಡೆ ಪತ್ರದ ಜೊತೆ ಆರ್‌ಐ 20-97 ಅರ್ಜಿ ಹಾಕಿ, ಸೈನ್ಯದ ಸಂಬಳದ ಲೆಕ್ಕ ಈಗಲೇ ತರಿಸಿಕೊಳ್ಳಲಿ. ಅದು ಕೈಗೆ ಬಂದ ಮೇಲೆ ಎಸ್‌ಎಫ್ 3108 ತುಂಬಿ ತನ್ನ ಇಲಾಖೆಯ ಎಚ್‌ಆರ್‌ಗೆ ಕೊಡಬೇಕು. ಸಂಬಳದಲ್ಲಿ ಕಂತಾಗಿ ಹಿಡಿಸಬಹುದು. ನಿವೃತ್ತಿಯಾದ ಮೇಲೆ ಕಟ್ಟುತ್ತೇನೆ ಅಂದರೆ ಆಗಲ್ಲ.

ನಿಮ್ಮಣ್ಣನ ಕಥೆ ಬೇರೆ. ನಮ್ಮಲ್ಲಿ 2022ಕ್ಕೆ ಮುಂಚೆ ಸೇರಿದ ಜವಾನರಿಗೆ 15 ವರ್ಷಕ್ಕೆ ಸೈನ್ಯದ ಪಿಂಚಣಿ. ಅಲ್ಲಿ ಸಾಮಾನ್ಯವಾಗಿ 20 ವರ್ಷ ಬೇಕು, ಮಗನದು ನಾಲ್ಕೇ. 20 ಮುಗಿಸಿ ಬಂದವರೂ ಆ ವರ್ಷಗಳನ್ನು ಫರ್ಸ್‌ಗೆ ಸೇರಿಸಬೇಕಾದರೆ ಹೆಚ್ಚಿನ ಸಂದರ್ಭದಲ್ಲಿ ಸೈನ್ಯದ ಪಿಂಚಣಿ ಬಿಡಬೇಕು.

ಹಣ ಪೂರ್ತಿ ಕಟ್ಟಿದ ಮೇಲೆ ಎಚ್‌ಆರ್‌ನಿಂದ ಪತ್ರ ತಗೊಳ್ಳಲಿ. ಒಂದು ಪ್ರತಿ ನೀವೇ ಎತ್ತಿಡಿ. ಮೂವತ್ತು ವರ್ಷ ಕಾಗದ ಜೋಪಾನ ಮಾಡುವ ಗಂಡುಮಕ್ಕಳನ್ನು ನಾನಂತೂ ಕಂಡಿಲ್ಲ.